ಮೀಸಲು ಗಡ್ಡ

ಐದನೆಯ ಜಾರ್ಜ್ ದೊರೆ ಲಂಡನ್ನಿನಲ್ಲಿ ಪಟ್ಟಕ್ಕೆ ಬರುವುದಕ್ಕಿಂತ ಕೆಲವು ವರ್ಷ ಮೊದಲೇ ಪುಣೆಯಲ್ಲಿ ಕಾಡಪ್ಪ ಗಡ್ಡ ಬಿಟ್ಟಿದ್ದ. ಆ ಪಟ್ಟಕ್ಕೂ ಈ ಗಡ್ಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧವನ್ನು ಆಮೇಲೆ ಭವಾನಿ ಪೇಠೆಯ ಜನ ಕಟ್ಟಿದರು. ಕಟ್ಟಿದ ಮೇಲೆ ಅದನ್ನು ಬಿಚ್ಚಲು ಯಾರೂ ಬಿಡಲಿಲ್ಲ.

ಕಾಡಪ್ಪ ಚಿಕ್ಕೋಡಿ ಸೀಮೆಯವನು. ಊರಲ್ಲಿ ಹೊಟ್ಟೆ ತುಂಬದೆ ಪುಣೆಗೆ ಬಂದು, ತನ್ನದೇ ಜಾತಿಯ ಈರಬಸಪ್ಪ ಸಾವಕಾರರ ಮೆಣಸಿನಕಾಯಿ ವಖಾರಿಯಲ್ಲಿ ಹಮಾಲಿ ಹಿಡಿದಿದ್ದ. ಬ್ಯಾಡಗಿ, ಸಂಕೇಶ್ವರಗಳಿಂದ ಬರುವ ಚೀಲ ಇಳಿಸಬೇಕು, ಒಟ್ಟಬೇಕು, ತಕ್ಕಡಿಗೆ ಹಾಕಬೇಕು. ವಖಾರಿಯ ಹಿತ್ತಲಲ್ಲಿ ಸಾವಕಾರರು ಕೊಟ್ಟ ಒಂದು ಖೋಲಿಯಲ್ಲಿ ಅವನೂ ಹೆಂಡತಿ ರುದ್ರವ್ವನೂ ಇದ್ದರು. ಪ್ಲೇಗಿನ ವರ್ಷಗಳಲ್ಲಿ ಅವರಿಗೆ ಹುಟ್ಟಿದ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಕಡೆಯದಕ್ಕೆ ಬರೀ ಜ್ವರ. ಸೋಲ್ಜರರು ಮನೆ ಮನೆ ತಪಾಸಣೆಗೆ ಬಂದಾಗ, ಆಸ್ಪತ್ರೆಗೆ ಒಯ್ದಾರೆಂಬ ಹೆದರಿಕೆಯಿಂದ ರುದ್ರವ್ವ ಕೂಸನ್ನು ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಬಚ್ಚಿಟ್ಟಳು. ಅವರು ಹೋದ ಮೇಲೆ ಎತ್ತಿಕೊಂಡಾಗ ಘಾಟಿಗೆ ಹತ್ತಿದ್ದ ಅದರ ಕೆಮ್ಮೂ ಉಸಿರೂ ನಿಂತಿದ್ದವು.

ಹಾಗಾಗಿ, ಬಹಳ ವರ್ಷಗಳ ಮೇಲೆ ಮಗಳು ಇಂದೂ ಹುಟ್ಟಿದಾಗ, ಕಾಡಪ್ಪ ಯಡೂರಿನ ವೀರಭದ್ರನಿಗೆ ಗಡ್ಡ ಮೀಸಲಿಟ್ಟ. ಅವನ ಮನೆತನದಲ್ಲಿ ಇದು ನಡೆದು ಬಂದ ಪದ್ಧತಿ: ಮಗು ಐದು ತುಂಬುವವರೆಗೆ ತಂದೆಯ ಮುಖಕ್ಕೆ ಕತ್ತಿ ಮುಟ್ಟಬಾರದು, ತುಂಬಿದ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೃಷ್ಣೆಯ ದಂಡೆಯಲ್ಲಿ, ದೇವರ ಎದುರಿಗೇ ಗಡ್ಡ ತೆಗೆಸಿ ಕೊಡಬೇಕು. ಕೊಟ್ಟರೆ ಮಗು ತಂದೆತಾಯಿಗಳದು. ಕೊಡುವ ತನಕ ಅದು ದೇವರಲ್ಲಿ ಕೇಳಿ ತಂದ ಕೂಸು.

ಇಂದೂಗೆ ಐದು ತುಂಬಿದ್ದು ೧೯೧೧ರಲ್ಲಿ. ಅದೇ ವರ್ಷ ಹೊಸ ಬಾದಶಹನ ಮುಖದ ರೂಪಾಯಿ ಪೇಠೆಗೆ ಬಂತು.

ಮೊದಲು ನೋಡಿದವನು ಕೃಷ್ಣಾಜಿ, ಓಣಿಯ ಮೂಲೆಯಲ್ಲಿ ಕ್ಷೌರಕ್ಕೆ ಕೂರುವ ಮರಾಠಿ ನಾವಿ. ರೂಪಾಯಿಯನ್ನು ಕಾಡಪ್ಪನ ಕೆನ್ನೆಯ ಪಕ್ಕಕ್ಕೆ ಹಿಡಿದು, ಇದೇ ಮೂಗು, ಇದೇ ಹಣೆ, ಗಡ್ಡವೊಂದು ತುಸು ಕಾಡುಬಿದ್ದಿದೆ ಎಂದು ನಾಲ್ಕು ಜನಕ್ಕೆ ತೋರಿಸಿದ. ಕಾಡಪ್ಪನಿಗೆ ಬೆಕ್ಕಿನ ಕಣ್ಣು, ಬಿಳಿಚು ಮೈ. ಮಾತು ಸಂಜೆಯೊಳಗೆ ಈರಬಸಪ್ಪನವರ ಕಿವಿಗೆ ಬಿತ್ತು.

ಈರಬಸಪ್ಪನವರಿಗೆ ಸರಕಾರ ಕೊಡುವ ರಾವಸಾಹೇಬ ಎಂಬ ಪದವಿಯ ಆಸೆ ಹತ್ತಿ ಬಹಳ ದಿನವಾಗಿತ್ತು. ಡಿಸೆಂಬರಿನಲ್ಲಿ ದಿಲ್ಲಿಯ ದರಬಾರಿನ ದಿನ ಪುಣೆಯಲ್ಲೂ ಮೆರವಣಿಗೆಗಳು ನಡೆಯಲಿದ್ದವು. ಉಳಿದ ವ್ಯಾಪಾರಿಗಳು ಬಾದಶಹನ ಪಟವನ್ನು ಬಂಡಿಯಲ್ಲಿ ಇಡುತ್ತಿದ್ದರೆ ತಾವು ಬಾದಶಹನನ್ನೇ ಕೂರಿಸುವುದು ಎಂದು ಅವರು ನಿಶ್ಚಯಿಸಿದರು. ಗಡ್ಡವನ್ನು ರೂಪಾಯಿಯಲ್ಲಿದ್ದಂತೆ ಕತ್ತರಿಸಿ ಸರಿಮಾಡಬೇಕು, ಯಡೂರಿಗೆ ಮೆರವಣಿಗೆಯಾದ ಮೇಲೆ ಹೋದರಾಯಿತು ಎಂದು ಅಪ್ಪಣೆಯಾಯಿತು.

ರುದ್ರವ್ವ ಒಪ್ಪಲಿಲ್ಲ. ಸಾವಕಾರರು ತಮ್ಮ ಮನೆಯ ಅಯ್ಯನವರನ್ನು ಖೋಲಿಗೆ ಕಳಿಸಿದರು. ಅವಳು ಸೆರಗು ಹೊದ್ದು ಬಾಗಿಲ ಮರೆಯಿಂದ ಕೇಳಿದಳು:

“ಅಯ್ಯಾರ, ಮೀಸಲಕ್ಕ ಕತ್ತರಿ ಹಚ್ಚಬಹುದೇನ್ರಿ?”

“ಹರಕಿ ಕ್ಷೌರದ್ದು ತಂಗಿ. ಕ್ಷೌರ ಅಂದ್ರ ಕತ್ತಿ. ಕತ್ತರಿ ಬ್ಯಾರೆ, ಕತ್ತಿ ಬ್ಯಾರೆ.”

“ಇದು ವೀರಭದ್ರಗ ಗೊತ್ತದೇನ್ರಿ? ಇಲ್ಲಾ ಸಾವಕಾರ್ರಿಗಷ್ಟ ಗೊತ್ತೋ?”

ಅಯ್ಯನವರು ಎದ್ದು ಹೋದರು. ಕೃಷ್ಣಾಜಿ ಕತ್ತರಿ ಆಡಿಸಿದ. ಉದುರಿದ ಕೂದಲನ್ನು ಯಾರೂ ತುಳಿಯದಂತೆ ರುದ್ರವ್ವ ನೆಲಕ್ಕೆ ಕಂಬಳಿ ಹಾಸಿ, ಒಂದೊಂದನ್ನೂ ಆಯ್ದು, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಗಂಟು ಕಟ್ಟಿ ಮಾಡದಲ್ಲಿಟ್ಟಳು. ದೇವರದ್ದು ದೇವರಿಗೆ ಸೇರಬೇಕು ಎಂಬುದಷ್ಟೇ ಅವಳ ಲೆಕ್ಕ.

ದರಬಾರಿನ ದಿನ ಕಾಡಪ್ಪನಿಗೆ ಬಾಡಿಗೆಯ ಮಖಮಲ್ಲು ತೊಡಿಸಿ, ಜರತಾರಿ ಕಾಗದದ ಕಿರೀಟವಿಟ್ಟು, ಹೂವು ಕಟ್ಟಿದ ಕುರ್ಚಿಯಲ್ಲಿ ಕೂರಿಸಿ, ಬಂಡಿಯ ಮೇಲೇರಿಸಿ ಮೆರೆಸಿದರು. ರುದ್ರವ್ವ ಓಣಿಯ ತಿರುವಿನಲ್ಲಿ ಅದನ್ನು ಕಂಡು ಇಂದೂನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಅವರ ಜನದಲ್ಲಿ ಹೀಗೆ ಹೂವು ಮುಡಿಸಿ, ಕುರ್ಚಿಯಲ್ಲಿ ಕೂರಿಸಿ ಊರೊಳಗೆ ಹೊರುವುದು ಹೆಣವನ್ನು.

ಕಾಡಪ್ಪನಿಗೆ ಅದು ತೋಚಲಿಲ್ಲ. ಚೀಲದ ಕೆಳಗೆ ಬಾಗಿದ ಅವನ ಬೆನ್ನನ್ನು ಮಾತ್ರ ನೋಡಿದ್ದ ಓಣಿ ಅಂದು ಅವನ ಮುಖ ನೋಡಿತು. ಪಗಡಿಯ ವ್ಯಾಪಾರಿಗಳು ನಗುನಗುತ್ತ ಬಗ್ಗಿ ಮುಜರೆ ಮಾಡಿದರು. ಅವರು ನಗುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು, ಬಗ್ಗಿದ್ದೂ ನಿಜವಾಗಿತ್ತು. ಮನೆಗೆ ಬಂದು ರೊಟ್ಟಿಗೆ ಕೂತಾಗಲೂ ಅವನು ಕಿರೀಟ ತೆಗೆದಿರಲಿಲ್ಲ ಎಂದು ಇಂದೂ ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ಆಮೇಲೆ ಮುಂದೂಡಿಕೆ ಶುರುವಾಯಿತು. ಮೊದಲು ಕಲೆಕ್ಟರ ಕಚೇರಿಯವರೊಬ್ಬರು ಬಾದಶಹನನ್ನು ನೋಡಬಯಸಿದ್ದಾರೆಂದು, ಯಡೂರಿನ ಜಾತ್ರೆ ನಡೆಯುವ ಮಾಘ ಒಂದು ಕಳೆಯಿತು. ಮುಂದೆ ಪ್ರತಿ ಜೂನಿನಲ್ಲಿ ಬಾದಶಹನ ಹುಟ್ಟುಹಬ್ಬಕ್ಕೆ ಅವನನ್ನು ವಖಾರಿಯ ಕಟ್ಟೆಯ ಮೇಲೆ ಕೂರಿಸಿ ಪೇಢೆ ಹಂಚುವುದು ರೂಢಿಯಾಯಿತು. ಯುದ್ಧ ಬಂತು, ಯುದ್ಧದಲ್ಲಿ ಬಾದಶಹನು ಗಡ್ಡ ತೆಗೆದರೆ ಅಪಶಕುನವೆಂದು ಈರಬಸಪ್ಪನವರು ನಕ್ಕು ಹೇಳಿದರು. ರುದ್ರವ್ವ ಪ್ರತಿ ಕತ್ತರಿಯ ಮೇಲೂ ಕಂಬಳಿ ಹಾಸುತ್ತಿದ್ದಳು. ಗಂಟು ದಪ್ಪವಾಗುತ್ತ ಹೋಯಿತು. ಬಿಟ್ಟು ಹೋಗೋಣ, ಬೇರೆಲ್ಲಾದರೂ ಚೀಲ ಹೊರೋಣ ಎಂದು ಅವಳು ಹೇಳಿದಾಗಲೆಲ್ಲ ಕಾಡಪ್ಪ ಖೋಲಿಯ ಮಾತು ಎತ್ತುತ್ತಿದ್ದ. ಖೋಲಿ ಒಂದೇ ಕಾರಣವಲ್ಲವೆಂದು ಅವಳಿಗೆ ತಿಳಿದಿತ್ತು.

೧೯೧೮ರ ಇನ್‌ಫ್ಲುಯೆಂಜಾ ತಾಯಿ ಮಗಳಿಬ್ಬರನ್ನೂ ಒಂದೇ ವಾರದಲ್ಲಿ ಮಲಗಿಸಿತು. ಇಂದೂ ಎದ್ದಳು. ರುದ್ರವ್ವ ಏಳಲಿಲ್ಲ. ಹೋಗುವ ಮುನ್ನ ಗಂಡನಿಗೆ ಅವಳು ಆಡಿದ್ದು ಇಷ್ಟು:

“ಈ ಸರತಿ ವೀರಭದ್ರ ಕೂಸಿನ ಬದಲಿ ನನ್ನ ಒಯ್ಯಾಕತ್ಯಾನ. ಮುಂದಿನ ಸರತಿ ಬದಲಿ ಕೊಡಾಕ ಮನ್ಯಾಗ ಯಾರೂ ಇಲ್ಲ. ನೆನಪಿರ್ಲಿ.”

ಅವಳ ಕ್ರಿಯಾಕರ್ಮ ಮುಗಿದ ಮೇಲೆ ಕಾಡಪ್ಪ ಮಗಳನ್ನೂ ಗಂಟನ್ನೂ ತೆಗೆದುಕೊಂಡು ಸ್ಟೇಶನ್ನಿಗೆ ಹೊರಟ. ಅಷ್ಟರಲ್ಲಿ ಯುದ್ಧ ಗೆದ್ದ ಸುದ್ದಿ ಬಂದಿತ್ತು. ಮೆರವಣಿಗೆಗೆ ಬಾದಶಹಾ ಬೇಕಿತ್ತು. ಈರಬಸಪ್ಪನವರು ಟಾಂಗಾ ಕೊಟ್ಟು ಆಳುಗಳನ್ನು ಅಟ್ಟಿದರು. ಇಲ್ಲಿ ಎರಡು ಹೇಳಿಕೆಗಳಿವೆ. ಆಳುಗಳು ಅವನ ತೋಳು ಹಿಡಿದು ಎಳೆದು ತಂದರು ಎಂಬುದು ಹಮಾಲರ ಮಾತು. ಅವರು ಮುಜರೆ ಮಾಡಿ ಟಾಂಗಾದ ಮೆಟ್ಟಿಲು ತೋರಿಸಿದರು, ಅವನು ತಾನೇ ಹತ್ತಿ ಕೂತ ಎಂಬುದು ಕೃಷ್ಣಾಜಿಯ ಮಾತು. ಜೊತೆಗಿದ್ದ ಇಂದೂ ಎರಡನ್ನೂ ಅಲ್ಲಗಳೆಯುತ್ತಿರಲಿಲ್ಲ.

ಇಂದೂನ ಮದುವೆ ನಿಪ್ಪಾಣಿಯ ನಿಜಲಿಂಗಪ್ಪನೊಡನೆ ಆಯಿತು. ತಂಬಾಕಿನ ವಖಾರಿಯಲ್ಲಿ ಗುಮಾಸ್ತ, ತಾಯಿಯ ಮಾತು ಮೀರದವನು. ತಾಯಿ ಚನ್ನಬಸವ್ವ ಚುರುಕು ನಾಲಗೆಯ ಹೆಂಗಸು. ಇಂದೂನ ಮೊದಲ ಮಗು ತೊಟ್ಟಿಲಲ್ಲೇ ಹೋಯಿತು, ಎರಡನೆಯದೂ ಹೋಯಿತು. ಕಾರಣ ಹುಡುಕುತ್ತ ಹೋದ ಚನ್ನಬಸವ್ವನಿಗೆ ಹರಕೆಯ ಕಥೆ ಸಿಕ್ಕಿತು. ಸೊಸೆ ಇನ್ನೂ ದೇವರ ಸ್ವತ್ತು, ಅವಳಿಗೆ ಹುಟ್ಟಿದ್ದನ್ನು ದೇವರು ವಸೂಲಿ ಮಾಡುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಗಡ್ಡ ಯಡೂರಿಗೆ ಬಂದು ಬೀಳಲಿ, ಆಮೇಲೆ ಮುಂದಿನ ಮಾತು ಎಂದು ಪುಣೆಗೆ ಹೇಳಿ ಕಳಿಸಿದಳು.

ಕಾಡಪ್ಪ ಕೈ ಮುಗಿದುಕೊಂಡು ಸಾವಕಾರರ ಮುಂದೆ ನಿಂತಾಗ ೧೯೨೮ರ ಚಳಿಗಾಲ. ಲಂಡನ್ನಿನಲ್ಲಿ ಬಾದಶಹನಿಗೆ ಪುಪ್ಪುಸದ ಬೇನೆ. ದಿನಾ ಪತ್ರಿಕೆಯಲ್ಲಿ ಸುದ್ದಿ. ಓಣಿಯ ಜನ ಬೆಳಗಾದರೆ ಕಾಡಪ್ಪನ ಎದೆಗೆ ಕಿವಿಯಿಟ್ಟು, ಇಂದು ಉಸಿರು ಹೇಗಿದೆ ಎಂದು ಒಬ್ಬರಿಗೊಬ್ಬರು ವರದಿ ಕೊಡುತ್ತಿದ್ದರು.

“ಈಗ ಬೋಳಿಸ್ಕೊಂಡ್ರ ಜನ ಏನ ತಿಳೀತದ?” ಎಂದರು ಈರಬಸಪ್ಪ. “ರಾಜ ಹೋದ ಅಂತ ತಿಳೀತದ. ನನ್ನ ರಾವಸಾಹೇಬ ಪದವಿಗೆ ಕಲ್ಲ ಹಾಕತೀ ಏನು?”

“ಮಗಳ ಬಾಳ್ವೆ ಅದ್ರಿ ಸಾವಕಾರ್ರ.”

“ಬಾದಶಹಾನೂ ಯಾರದೋ ಅಪ್ಪನ ಅದಾನಪಾ.”

ಬಾದಶಹಾ ಚೇತರಿಸಿಕೊಂಡ. ಇಂದೂನ ಮೂರನೆಯ ಮಗು ಚೇತರಿಸಿಕೊಳ್ಳಲಿಲ್ಲ. ಮೂವತ್ತರ ಸತ್ಯಾಗ್ರಹದ ದಿನಗಳಲ್ಲಿ ಆಟ ಇನ್ನೊಂದು ಬಗೆಯದಾಯಿತು: ಪ್ರಭಾತಫೇರಿಯ ಹುಡುಗರು ಕಾಡಪ್ಪನನ್ನು ಕಂಡಲ್ಲಿ ಸೆಗಣಿ ಎಸೆದರು. ಅವನು ಗಡ್ಡವನ್ನು ಧೋತರದ ಸೆರಗಿನಿಂದ ಮುಚ್ಚಿಕೊಂಡು ನಡೆಯುತ್ತಿದ್ದ. ಅದು ದೇವರದ್ದು, ನನ್ನದಲ್ಲ, ಬಾದಶಹನದೂ ಅಲ್ಲ ಎಂದು ಮರಾಠಿಯಲ್ಲಿ ಹೇಳಿ ನೋಡಿದ. ಹುಡುಗರು ಆ ಮಾತನ್ನೇ ರಾಗವಾಗಿ ಹಾಡುತ್ತ ಹಿಂಬಾಲಿಸಿದರು. ಮನೆಗೆ ಬಂದು ಗಡ್ಡ ತೊಳೆದ ನೀರನ್ನೂ ಅವನು ಮೋರಿಗೆ ಬಿಡದೆ ಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದ.

ಪದವಿ ಬಾರದೆಯೇ ಈರಬಸಪ್ಪ ತೀರಿಕೊಂಡರು. ವಖಾರಿ ಅವರ ಮಗ ಮಲಕಪ್ಪನಿಗೆ ಬಂತು. ತಂದೆಗೆ ಬಾದಶಹನಿಂದ ಒಂದು ಲಾಭದ ನಿರೀಕ್ಷೆಯಾದರೂ ಇತ್ತು. ಮಗನಿಗೆ ಬೇಕಾಗಿದ್ದು ಮೋಜು ಮಾತ್ರ. ೧೯೩೫ರಲ್ಲಿ ಬಾದಶಹನ ಪಟ್ಟದ ಬೆಳ್ಳಿಹಬ್ಬಕ್ಕೆ ಅವನು ಕಾಡಪ್ಪನನ್ನು ಲಾರಿಯ ಮೇಲೆ ಕೂರಿಸಿ ದಂಡಿನವರ ಕ್ಯಾಂಪಿನವರೆಗೆ ಒಯ್ದ. ಕಾಡಪ್ಪನ ಗಡ್ಡ ಆ ಹೊತ್ತಿಗೆ ಬೆಳ್ಳಗಾಗಿತ್ತು. ಬಾದಶಹನದೂ ಅಷ್ಟೇ ಬೆಳ್ಳಗಾಗಿದ್ದನ್ನು ಜನ ಪಟ ನೋಡಿ ಮೆಚ್ಚಿದರು. ಬಿಸಿಲಿಗೆ ಮುದುಕ ಲಾರಿಯಲ್ಲೇ ವಾಂತಿ ಮಾಡಿಕೊಂಡ. ಮಲಕಪ್ಪ ಖುಷಿಯಲ್ಲಿದ್ದ: ಇನ್ನು ನಿನಗೆ ಬಿಡುಗಡೆ, ಬರುವ ಮಾಘಕ್ಕೆ ಯಡೂರಿಗೆ ಹೋಗು ಎಂದ.

ಅಷ್ಟರಲ್ಲಿ ಇಂದೂ ತವರಿಗೆ ಬಂದಾಗಿತ್ತು. ಬಂದಳೆನ್ನುವುದಕ್ಕಿಂತ ಕಳಿಸಿದ್ದರೆನ್ನಬೇಕು. ಮಾಘದಲ್ಲಿ ನಾವು ಯಡೂರಿಗೆ ಬರುತ್ತೇವೆ, ನಮ್ಮ ಕಣ್ಣೆದುರು ಹರಕೆ ಮುಟ್ಟಿಸಿದರೆ ಅಲ್ಲಿಂದಲೇ ಸೊಸೆಯನ್ನು ಕರೆದೊಯ್ಯುತ್ತೇವೆ, ಇಲ್ಲವಾದರೆ ಮಗನಿಗೆ ಬೇರೆ ಹೆಣ್ಣು ಗೊತ್ತಾಗಿದೆ ಎಂಬುದು ಚನ್ನಬಸವ್ವನ ಕಡೆಯ ಮಾತು. ಇಂದೂ ವಖಾರಿಯ ಹೆಂಗಸರ ಸಾಲಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಮಾಘಕ್ಕೆ ಕಾದಳು. ತಂದೆಯ ಊಟ, ತಂದೆಯ ಗಡ್ಡ ಎರಡನ್ನೂ ತಾನೇ ನೋಡಿಕೊಂಡಳು. ಕೂದಲು ಉದುರಿದರೆ ಆಯ್ದು ತಾಯಿಯ ಗಂಟಿಗೆ ಸೇರಿಸಿದಳು.

ಜನವರಿಯ ಮೂರನೆಯ ವಾರ ಬಾದಶಹಾ ಸತ್ತ. ಮಣ್ಣು ಮಾಡುವ ದಿನ ಪೇಠೆ ಮುಚ್ಚಬೇಕೆಂದು ಹುಕುಂ ಬಂತು. ಯಡೂರಿಗೆ ಹೊರಡಲು ಕಾಡಪ್ಪನ ಗಾಡಿ ಮರುದಿನ ಬೆಳಿಗ್ಗೆ. ಮುಚ್ಚಿದ ಪೇಠೆಯಲ್ಲಿ ವ್ಯಾಪಾರಿಗಳಿಗೂ ಹಮಾಲರಿಗೂ ಮಾಡಲು ಕೆಲಸವಿರಲಿಲ್ಲ. ಮಲಕಪ್ಪನ ವಖಾರಿಯೊಳಗೆ ಚಹಾ ಕುಡಿಯುತ್ತ ಕೂತಿದ್ದರು. ಕಾಡಪ್ಪ ಪ್ರಯಾಣಕ್ಕೆ ಚೀಲವೊಂದನ್ನು ಕೇಳಲು ಒಳಗೆ ಬಂದ. ಬರಬಾರದಿತ್ತು.

“ಏ ಬಾದಶಹಾ,” ಎಂದ ಮಲಕಪ್ಪ, “ನೀ ಸತ್ತು ಎಂಟ ದಿನ ಆತು, ಇನ್ನೂ ತಿರಗ್ಯಾಡಾಕತ್ತೀಯಲ್ಲೊ.”

ಎಲ್ಲರೂ ನಕ್ಕರು. ಕಾಡಪ್ಪನೂ ರೂಢಿಯಂತೆ ನಕ್ಕ. ರಾಜನೆಂದರೆ ಪ್ರಜೆಗಳಿಗೆ ತಂದೆ, ತಂದೆ ಸತ್ತರೆ ಗಡ್ಡಮೀಸೆ ತೆಗೆಸಬೇಕು ಎಂದು ಯಾರೋ ಮರಾಠಿಯಲ್ಲಿ ಸೇರಿಸಿದರು. ನಮ್ಮಲ್ಲಿ ಆ ಪದ್ಧತಿ ಇಲ್ಲವೆಂದು ಕಾಡಪ್ಪ ವಿನಯದಿಂದಲೇ ಹೇಳಿದ. ಮಲಕಪ್ಪ ಕೃಷ್ಣಾಜಿಯನ್ನು ಕರೆಸಿದ. ಮುದಿ ನಾವಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತದ್ದನ್ನು ಕಂಡಾಗಲೇ ಕಾಡಪ್ಪನಿಗೆ ಅರ್ಥವಾಗಿದ್ದು. ಅವನು ಬಾಗಿಲಿಗೆ ಓಡಿದ. ಇಷ್ಟು ವರ್ಷ ಅವನ ಜೊತೆಗೇ ಚೀಲ ಹೊತ್ತಿದ್ದ ಇಬ್ಬರು ಹಮಾಲರು ಅವನ ರಟ್ಟೆ ಹಿಡಿದು ಚೀಲಗಳ ಒಟ್ಟಿನ ಮೇಲೆ ಕೂರಿಸಿದರು.

“ಸಣ್ಣ ಸಾವಕಾರ್ರ, ನಾಳೆ ಮುಂಜಾನಿ ಗಾಡಿ ಅದ್ರಿ. ಇಷ್ಟ ವರ್ಷ ನಿಮ್ಮ ಮನಿತನಕ್ಕ ಬಿಟ್ಟ ಕೊಟ್ಟೇನಿ. ಒಂದ ರಾತ್ರಿ ನನಗ ಬಿಡ್ರಿ.”

“ದೇವರಿಗೆ ಬೇಕಾದ್ದು ಕೂದಲ. ಪುಡಿಕಿ ಕಟ್ಟಿ ಕೊಡ್ತೇವಿ, ಒಯ್ಯಿ. ನಿನ್ನ ಮೋತಿ ತಗೊಂಡು ವೀರಭದ್ರ ಏನ ಮಾಡ್ತಾನ?”

ಕೃಷ್ಣಾಜಿ ಪೆಟ್ಟಿಗೆ ತೆರೆಯದೆ ಮಲಕಪ್ಪನ ಮುಖ ನೋಡಿದ. ವಖಾರಿಯ ಕಟ್ಟೆಯ ಮೂಲೆ ಮಲಕಪ್ಪನದು. ನಾವಿ ಕ್ಷೌರಕ್ಕೆ ಕೂರುತ್ತಿದ್ದುದು ಅಲ್ಲೇ. ಕತ್ತಿ ಮಸೆದ. ಒಂದು ಕೆನ್ನೆ ಬೋಳಾಗುವ ತನಕ ಕಾಡಪ್ಪ ತಲೆ ಕೊಡವುತ್ತಲೇ ಇದ್ದ. ಗದ್ದದ ಹತ್ತಿರ ರಕ್ತ ಬಂತು. ಅರ್ಧ ಮುಖ ನೋಡಿ ಜನ ಕೇಕೆ ಹಾಕಿದಾಗ ಅವನು ತಲೆ ಕೊಡವುವುದನ್ನು ಬಿಟ್ಟ. ನಾವಿಗೆ ಮಾತ್ರ ಕೇಳುವಂತೆ, “ಮುಗಸು, ಕೃಷ್ಣಾಜಿ,” ಎಂದ.

ಪುಡಿಕೆ ಕಟ್ಟಿ ಕೊಡುವ ಮಾತನ್ನು ಯಾರೂ ನೆನಪಿಡಲಿಲ್ಲ. ಕೂದಲು ಬಿದ್ದದ್ದು ಮೆಣಸಿನಕಾಯಿಯ ಬೀಜ, ತೊಟ್ಟು, ಧೂಳಿನ ನೆಲದ ಮೇಲೆ. ಅದರ ಮೇಲೆ ಹತ್ತಾರು ಕಾಲು ಓಡಾಡಿದವು. ಇಂದೂ ಬರುವಾಗ ಗಂಡಸರು ಹೊರಟು ಹೋಗಿದ್ದರು. ತಂದೆ ಮೊಣಕಾಲೂರಿ ಕಸದಿಂದ ಬಿಳಿ ಎಳೆಗಳನ್ನು ಆರಿಸುತ್ತಿದ್ದ. ಖಾರ ಹತ್ತಿದ ಆ ಕೈಯಿಂದಲೇ ಮುಖ ಒರೆಸಿಕೊಂಡದ್ದರಿಂದ ಹೊಸದಾಗಿ ಬೋಳಾದ ಚರ್ಮವೆಲ್ಲ ಕೆಂಡವಾಗಿ ಬಾತಿತ್ತು. ಅವಳು ಆ ಮುಖವನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸಣ್ಣ ಗದ್ದದ, ಬಾಯಿ ಒಳಗೆ ಹೋದ, ಯಾರಂತೆಯೂ ಇಲ್ಲದ ಮುದುಕ. ಅವಳು ಎದುರಿಗೆ ಕೂತು ತಾನೂ ಆರಿಸತೊಡಗಿದಳು. ತೊಟ್ಟು ಬಿಡಿಸಿ ಬಿಡಿಸಿ ಅವಳ ಬೆರಳು ಪಳಗಿದ್ದವು.

ಯಡೂರಿನಲ್ಲಿ, ಹೊಳೆಯ ಸೋಪಾನದ ಮೇಲೆ, ಚನ್ನಬಸವ್ವ ಮಗನೊಡನೆ ಆಗಲೇ ಬಂದು ಕೂತಿದ್ದಳು. ಸೊಸೆ ಬರುತ್ತಿರುವುದನ್ನು ಕಂಡು, ಹಿಂದೆ ನೋಡಿ, ಕೇಳಿದಳು:

“ನಿಮ್ಮಪ್ಪ ಎಲ್ಲಿ? ಈ ಮುದುಕ ಯಾರು?”

ಕಾಡಪ್ಪ ಕೈ ಮುಗಿದ. ನಡೆದದ್ದನ್ನು ಇಂದೂ ಹೇಳಿದಳು. ಅವನು ಗಂಟು ಬಿಚ್ಚಿ ಮೆಟ್ಟಿಲ ಮೇಲಿಟ್ಟ: ತಳದಲ್ಲಿ ರುದ್ರವ್ವ ಆಯ್ದಿಟ್ಟ ಕಪ್ಪು ಕೂದಲು, ಅದರ ಮೇಲೆ ನರೆತದ್ದು, ಎಲ್ಲಕ್ಕಿಂತ ಮೇಲೆ ನಿನ್ನೆಯ ಬಿಳಿ. ಚನ್ನಬಸವ್ವ ಬಗ್ಗಿ ನೋಡಿದಳು. ಘಾಟು ಮೂಗಿಗೆ ಹೊಡೆದು ಸೀನಿದಳು. ಕಣ್ಣೊರೆಸಿಕೊಂಡು ಮತ್ತೆ ಸೀನಿದಳು. ಹತ್ತಿರ ಕೂತಿದ್ದ ಭಕ್ತರೊಬ್ಬರಿಗೆ ನಗು ತಡೆಯಲಾಗಲಿಲ್ಲ.

“ಮೀಸಲಾ ಅಂತ ಇಟ್ಟಿದ್ರಿ,” ಎಂದಳು ಅವಳು. “ಬಾದಶಹಾ ಉಂಡ, ಸಾವಕಾರ ಉಂಡ, ಊರ ಮಂದಿ ಕಾಲಾಗ ತುಳೀತು. ಆ ಎಂಜಲಾ ತಂದು ದೇವರ ಮುಂದ ಇಡ್ತೀರೇನ್ರಿ ಬೀಗರ?”

ವರ್ಷದೊಳಗೆ ಮತ್ತೆ ಬೆಳೆಯುತ್ತದೆ, ಬರುವ ಮಾಘಕ್ಕೆ ಇಲ್ಲೇ ಕೂತು ಕೊಡುತ್ತೇನೆ, ಒಂದು ವರ್ಷ ತಾಳಿಕೊಳ್ಳಿ ಎಂದು ಕಾಡಪ್ಪ ಬೇಡಿಕೊಂಡ.

“ಗಡ್ಡ ಬೆಳೀತದ್ರಿ. ನಿಮ್ಮ ಮಗಳ ವಯಸ್ಸು ಹೊಳ್ಳಿ ಬರ್ತದೇನು?”

ನಿಜಲಿಂಗಪ್ಪ ಹೊಳೆಯ ಕಡೆ ಮುಖ ಮಾಡಿದ್ದ. ಹೊರಡುವಾಗ ಹೆಂಡತಿಯ ಗಂಟುಮೂಟೆಯನ್ನು ತಾನೇ ಎತ್ತಿ ಅವಳ ತಂದೆಯ ಪಕ್ಕಕ್ಕಿಟ್ಟ; ಅದೊಂದೇ ಅವನು ಮಾಡಿದ ಉಪಚಾರ. ಬೇಸಿಗೆಯಲ್ಲಿ ಅವನ ಎರಡನೆಯ ಮದುವೆಯಾಯಿತು.

ಕಾಡಪ್ಪ ಮತ್ತೆ ಗಡ್ಡ ಬಿಟ್ಟ. ಈ ಸಲ ಯಾರೂ ಅಡ್ಡಿ ಮಾಡಲಿಲ್ಲ. ಲಂಡನ್ನಿನಲ್ಲಿ ಪಟ್ಟಕ್ಕೆ ಬಂದ ಬಾದಶಹನ ಮಗ ವರ್ಷ ತುಂಬುವ ಮೊದಲೇ ಸಿಂಹಾಸನ ಬಿಟ್ಟ; ಅವನ ತಮ್ಮ ಬಂದ; ಇಬ್ಬರ ಮುಖವೂ ನುಣ್ಣಗೆ. ರೂಪಾಯಿಯಲ್ಲಿ ಇಲ್ಲದ ಗಡ್ಡ ಪೇಠೆಗೆ ಬೇಕಾಗಿರಲಿಲ್ಲ. ಚೀಲ ಹೊರಲಾಗದ ಅವನನ್ನು ಮಲಕಪ್ಪ ಕಾವಲಿಗೆಂದು ಇಟ್ಟುಕೊಂಡ. ಹೊಸ ಹಮಾಲರು ಅವನನ್ನು ಅಜ್ಜ ಎಂದರು. ಯಾರೂ ಬಗ್ಗಿ ಮುಜರೆ ಮಾಡಲಿಲ್ಲ. ಆ ಮುಜರೆಗಾಗಿ ಅವನು ಒಮ್ಮೊಮ್ಮೆ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದುದನ್ನು ಇಂದೂ ಕಂಡಿದ್ದಳು.

ಪ್ರತಿ ಮಾಘದಲ್ಲಿ ಅವನು ಯಡೂರಿನ ಮಾತು ತೆಗೆಯುತ್ತಿದ್ದ. ಗಡ್ಡ ಎದೆಯ ತನಕ ಬಂದಿದೆ, ನೀ ಪಕ್ಕದಲ್ಲಿ ಕೂತರೆ ಸಾಕು, ತೊಡೆಯ ಮೇಲೆ ಕೂರಬೇಕಿಲ್ಲ ಎನ್ನುತ್ತಿದ್ದ. ಒಂದು ಸಲ ಮಾತ್ರ ಅವಳು ಉತ್ತರ ಕೊಟ್ಟಳು.

“ಯಾರನ್ನ ಬಿಡಿಸ್ಕೊಂಡು ಬರಾಕ, ಅಪ್ಪಾ?”

ಅವನು ತೀರಿಕೊಂಡದ್ದು ನಲವತ್ತೇಳರ ಮಳೆಗಾಲದಲ್ಲಿ, ಪೇಠೆಯವರು ಹೊಸ ಬಾವುಟಕ್ಕೆ ಬಟ್ಟೆ ಹೊಲಿಸುತ್ತಿದ್ದ ವಾರ. ಪದ್ಧತಿಯಂತೆ ಮೈ ತೊಳೆದು, ವಿಭೂತಿ ಹಚ್ಚಿ, ಹೂವು ಕಟ್ಟಿದ ಕುರ್ಚಿಯಲ್ಲಿ ಕೂರಿಸಿ, ಅದೇ ಓಣಿಯಲ್ಲಿ ಹೊತ್ತರು. ಮಲಕಪ್ಪನ ವಖಾರಿಯ ಮುಂದೆ ಹಳೆಯ ಹಮಾಲನೊಬ್ಬ ರೂಢಿಯಿಂದ ಬಗ್ಗಿ ಮುಜರೆ ಮಾಡಿಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಕಟ್ಟೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿದರು.

ಕುಣಿಯಲ್ಲಿ ಕೂರಿಸಿ, ಸುತ್ತ ಮಣ್ಣು ತುಂಬಿ, ಗದ್ದದವರೆಗೆ ಬಂದಾಗ ಗಡ್ಡ ಮಣ್ಣಿನ ಮೇಲೆ ಹರಡಿ ಉಳಿಯಿತು. ಎಳೆಯ ಅಯ್ಯನವರು ಕೈ ತಡೆದು, ಇದು ಮೀಸಲೆಂದು ಕೇಳಿದ್ದೇನೆ, ಕತ್ತರಿಸಿ ಕೊಟ್ಟರೆ ಯಾವಾಗಲಾದರೂ ಯಡೂರಿಗೆ ಮುಟ್ಟಿಸುತ್ತೀರಾ ಎಂದು ಇಂದೂನನ್ನು ವಿಚಾರಿಸಿದರು.

“ಮುಚ್ಚ್ರಿ,” ಎಂದಳು ಇಂದೂ. ಬಗ್ಗಿ ಒಂದು ಹಿಡಿ ಮಣ್ಣನ್ನು ತಾನೇ ಅದರ ಮೇಲೆ ಹಾಕಿದಳು. ಮಾರನೆಯ ದಿನ ತೊಟ್ಟು ಬಿಡಿಸುವ ಸಾಲಿನಲ್ಲಿ ತನ್ನ ಜಾಗದಲ್ಲಿ ಹೋಗಿ ಕೂತಳು.